ರಿಪೇರಿಯಾದ ಕೆರೆಯಲ್ಲಿ ಫ್ಲೈ ಫಿಶಿಂಗ್ ಮಾಡಬಹುದಾ? ರಾಡ್ ಇದೆ, ಜಾಗ ಇಲ್ಲ

ಬಸವನಗುಡಿ_ಬೆಂಡು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ ಅನ್ನಿಸಬಹುದು, ಬೈಯಬೇಡಿ.

ಹೋದ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಅಕ್ಕನ ಮನೆಗೆ ಹೋಗಿ ಎರಡು ತಿಂಗಳು ಇದ್ದೆ. ಅಕ್ಕ ಭಾವ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಒಬ್ಬನೇ ಮನೆಯಲ್ಲಿ ಕೂತು ಏನು ಮಾಡುವುದು, ದಿನಾ ಗೋಲ್ಡನ್ ಗೇಟ್ ಪಾರ್ಕ್ ಸುತ್ತುತ್ತಿದ್ದೆ. ಅಲ್ಲಿ ಮರಗಳ ನಡುವೆ ಮೂರು ದೊಡ್ಡ ಕೊಳಗಳಿವೆ, 1930ರ ದಶಕದಲ್ಲಿ ಕಟ್ಟಿದ್ದು. ಮುದುಕರು, ಕಾಲೇಜು ಹುಡುಗಿಯರು, ಎಲ್ಲ ಉದ್ದ ಕೋಲು ಹಿಡಿದು ದಾರ ಬೀಸುತ್ತಾ ನಿಂತಿರುತ್ತಾರೆ. ಅರ್ಧ ಗಂಟೆ ನೋಡಿದೆ. ಒಬ್ಬರಿಗೂ ಒಂದು ಮೀನು ಬೀಳಲಿಲ್ಲ. ತಡೆಯಲಾರದೆ ಒಬ್ಬ ತಾತನನ್ನು ಕೇಳಿದರೆ ಅವರು ಜೋರಾಗಿ ನಕ್ಕು, ಇದರಲ್ಲಿ ಮೀನೇ ಇಲ್ಲ, ಇದು ಬೀಸುವುದನ್ನು ಕಲಿಯೋಕೆ ಇರುವ ಕೊಳ ಅಂದರು! ದಾರದ ತುದಿಯಲ್ಲಿ ಕೊಕ್ಕೆ ಕೂಡ ಇರಲಿಲ್ಲ, ಒಂದು ಚೂರು ಉಣ್ಣೆ ಅಷ್ಟೇ.

ಅಲ್ಲಿಂದ ನನಗೆ ಫ್ಲೈ ಫಿಶಿಂಗ್ ಹುಚ್ಚು ಹತ್ತಿತು, ಅಂದರೆ ಗರಿ ಕಟ್ಟಿದ ಹಗುರ ಕೊಕ್ಕೆಯನ್ನು (ಅದೇ ಫ್ಲೈ) ದಾರದ ತೂಕದಿಂದಲೇ ಬೀಸಿ ಮೀನು ಹಿಡಿಯುವುದು. ಆಮೇಲೆ ಆ ತಾತನ ಜೊತೆಗೇ ಲೇಕ್ ಮರ್ಸೆಡ್ ಅಂತ ಒಂದು ಕೆರೆಗೆ ಎರಡು ಸಲ ಹೋದೆ. ಪೆಸಿಫಿಕ್ ಸಮುದ್ರಕ್ಕೆ ಅಂಟಿಕೊಂಡಂತೆ ಇದೆ, ಆದರೆ ನೀರು ಸಿಹಿ. ಒಂದು ಕಾಲಕ್ಕೆ ನೀರು ತೀರಾ ಇಳಿದುಹೋಗಿ, ಆಮೇಲೆ ಹೊರಗಿನಿಂದ ನೀರು ಸೇರಿಸಿ ಮಟ್ಟ ಏರಿಸಿದರಂತೆ. ಅಲ್ಲಿ 16 ವರ್ಷ ದಾಟಿದವರು ಗಾಳ ಹಾಕಬೇಕಾದರೆ ಲೈಸೆನ್ಸ್ ಬೇಕು, ತಗೊಂಡೆ. ಮೀನು ಸಿಗಲಿಲ್ಲ. ಪರವಾಗಿಲ್ಲ, ಖುಷಿ ಸಿಕ್ಕಿತು.

ಬರುವಾಗ ಸೆಕೆಂಡ್ ಹ್ಯಾಂಡ್ ರಾಡ್ ಒಂದು ತಂದೆ. 9 ಅಡಿ, 5 ವೇಟ್ (ಬೀಸುವ ದಾರದ ತೂಕದ ನಂಬರು), ನಾಲ್ಕು ತುಂಡು ಜೋಡಿಸುವಂಥದ್ದು. ಈಗ ಎಂಟು ತಿಂಗಳಿಂದ ಬೀರುವಿನ ಮೇಲೆ ಮಲಗಿದೆ. ನನ್ನ ಪ್ರಶ್ನೆ ಇಷ್ಟೇ. ಬೆಂಗಳೂರಲ್ಲಿ ಹೂಳು ತೆಗೆದು, ಬೇಲಿ ಹಾಕಿ, ವಾಕಿಂಗ್ ಟ್ರ್ಯಾಕ್ ಮಾಡಿ ಚಂದ ಮಾಡಿರುವ ಕೆರೆಗಳು ಎಷ್ಟೊಂದಿವೆ. ಬೆಳಿಗ್ಗೆ ಆರಕ್ಕೆ ಹೋಗಿ ಒಂದು ಗಂಟೆ ಫ್ಲೈ ಬೀಸಿದರೆ ಯಾರಾದರೂ ಏನಾದರೂ ಅಂತಾರಾ? ಹಿಡಿದರೂ ಬಿಟ್ಟುಬಿಡುತ್ತೇನೆ, ನಮ್ಮ ಮನೆಯಲ್ಲಿ ಮೀನು ಒಳಗೇ ಬರುವ ಹಾಗಿಲ್ಲ. ಅಮ್ಮನ ಪ್ರಶ್ನೆ ಬೇರೆ: "ಬಿಡೋದಾದ್ರೆ ಹಿಡಿಯೋದ್ಯಾಕೋ?" ಇದಕ್ಕೂ ಯಾರ ಹತ್ತಿರವಾದರೂ ಉತ್ತರ ಇದ್ದರೆ ಹೇಳಿ.

---

ಗಾಳದ_ಗುರು:

ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲ ಗುರು, ನಮ್ಮ ಮನೆಯಲ್ಲಿ ಹೆಂಡತಿ ಹನ್ನೆರಡು ವರ್ಷದಿಂದ ಅದನ್ನೇ ಕೇಳುತ್ತಿದ್ದಾಳೆ.

ಕೆರೆ ವಿಷಯಕ್ಕೆ ಬರೋಣ. ನಾನು ಇದೇ ತಪ್ಪು ಮಾಡಿದ್ದೆ. ಉತ್ತರ ಬೆಂಗಳೂರಿನ ಒಂದು ಕೆರೆ, ಹೆಸರು ಬೇಡ. ಭಾನುವಾರ ಬೆಳಿಗ್ಗೆ ಏರಿ ಮೇಲೆ ನಿಂತು ರಾಡ್ ಜೋಡಿಸಿ ಎರಡು ಸಲ ಬೀಸಿದ್ದೇ ತಡ, ತೆಪ್ಪದಲ್ಲಿ ಬಲೆ ಎತ್ತುತ್ತಿದ್ದ ಇಬ್ಬರು ದಡಕ್ಕೇ ಬಂದರು. ಜಗಳಕ್ಕೆ ಬಂದರು ಅಂದುಕೊಂಡೆ. ಇಲ್ಲ, ಪಾಪ ಸಮಾಧಾನವಾಗಿಯೇ ಹೇಳಿದರು. ಸಾರ್, ಇದು ನಮ್ಮ ಮೀನು, ಮರಿ ತಂದು ಬಿಟ್ಟಿದ್ದು ನಾವು, ಕಾಸು ಕಟ್ಟಿದ್ದೀವಿ ಅಂತ.

ಅವರು ಹೇಳಿದ್ದು ಸರಿ. ಕೆರೆ ಮೀನು ಯಾರದೂ ಅಲ್ಲ ಅಂತ ನಾವು ಪಟ್ಟಣದವರು ಅಂದುಕೊಳ್ಳುತ್ತೇವೆ. ನಮ್ಮ ಬಹಳಷ್ಟು ಕೆರೆಗಳಲ್ಲಿ ಮೀನುಗಾರಿಕೆ ಇಲಾಖೆ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆ ತಗೊಂಡವರು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮರಿ ಬಿಟ್ಟು, ದೊಡ್ಡದಾದ ಮೇಲೆ ಬಲೆ ಹಾಕಿ ಮಾರುತ್ತಾರೆ. ಕೆರೆಯ ದಡ, ಪಾರ್ಕು, ಗೇಟು ಪಾಲಿಕೆಯದು. ನೀರೊಳಗಿನ ಮೀನು ಅವರದು. ಗುತ್ತಿಗೆ ಇಲ್ಲದ ಕೆರೆಯಲ್ಲಿ "ಮೀನು ಹಿಡಿಯುವುದನ್ನು ನಿಷೇಧಿಸಲಾಗಿದೆ" ಅಂತ ಬೋರ್ಡ್ ಇರುತ್ತದೆ, ಪಕ್ಕದಲ್ಲಿ ಗಾರ್ಡ್ ಇರುತ್ತಾನೆ. ಹಿಡಿದು ಬಿಡುತ್ತೇನಪ್ಪಾ ಅಂತ ಅವನಿಗೆ ಹೇಳಿ ನೋಡಿ. ನಾನು ಹೇಳಿ ನೋಡಿದ್ದೇನೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಇನ್ನೊಂದು ವಿಷಯ. ಫ್ಲೈ ಬೀಸಬೇಕಾದರೆ ಮುಂದೆ ಎಷ್ಟು ಜಾಗ ಬೇಕೋ ಹಿಂದೆಯೂ ಅಷ್ಟೇ ಬೇಕು. ನಮ್ಮ ಕೆರೆಗಳಲ್ಲಿ ಹಿಂದೆ ಏನಿದೆ? ವಾಕಿಂಗ್ ಟ್ರ್ಯಾಕ್. ಸ್ಯಾಂಕಿ ಕೆರೆಯಲ್ಲಿ ಬೆಳಿಗ್ಗೆ ಆರಕ್ಕೆ ನಿಂತು ಬೀಸಿದರೆ ಮೀನು ಸಿಗುತ್ತದೋ ಇಲ್ಲವೋ, ಒಬ್ಬ ಅಂಕಲ್ ಮಂಕಿ ಕ್ಯಾಪ್ ಅಂತೂ ಗ್ಯಾರಂಟಿ.

---

ನೀರುಕಾಗೆ:

ಮೇಲಿನವರು ತಮಾಷೆಯಾಗಿ ಹೇಳಿದರು, ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮನೆ ಹತ್ತಿರದ ಕೆರೆಯಲ್ಲಿ ಹಕ್ಕಿ ನೋಡುವವಳು. ನಮ್ಮ ಗುಂಪಿನವರು ತಿಂಗಳಿಗೊಂದು ಸಲ ದಡದ ಕಸ ಆರಿಸುತ್ತೇವೆ. ಪ್ಲಾಸ್ಟಿಕ್ ಬಾಟಲಿ ಕಣ್ಣಿಗೆ ಕಾಣುತ್ತದೆ, ಎತ್ತಿ ಚೀಲಕ್ಕೆ ಹಾಕಿದರೆ ಆಯಿತು. ಗಾಳದ ಟಂಗೂಸ್ ದಾರ ಕಾಣುವುದಿಲ್ಲ. ಜೊಂಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹೋದ ವರ್ಷ ಒಂದು ನೀರುಕಾಗೆ ರೆಕ್ಕೆಗೆ ಸುತ್ತಿಕೊಂಡು ಕೊಂಬೆಯಿಂದ ನೇತಾಡುತ್ತಿತ್ತು. ಇಳಿಸುವಷ್ಟರಲ್ಲಿ ಸತ್ತಿತ್ತು. ಹೆಜ್ಜಾರ್ಲೆ, ಬಕ, ನೇರಳೆ ಜಂಬುಕೋಳಿ ಎಲ್ಲ ಕೂರುವುದು ನೀವು ಗಾಳ ಹಾಕಬೇಕು ಅನ್ನುವ ಅದೇ ಅಂಚಿನಲ್ಲಿ. ನೀವು ಎಚ್ಚರವಾಗಿ ಇರುತ್ತೀರಿ ಅಂತ ನಂಬುತ್ತೇನೆ. ನಿಮ್ಮನ್ನು ನೋಡಿ ನಾಳೆ ಬರುವ ಹತ್ತು ಜನರ ಬಗ್ಗೆ ನನಗೆ ನಂಬಿಕೆ ಇಲ್ಲ.

ಮತ್ತೆ ಬೆಳಿಗ್ಗೆ ಆರು ಗಂಟೆ ಅಂದಿರಲ್ಲ. ನಮ್ಮ ಕೆರೆಗಳಿಗೆ ಇವತ್ತಿಗೂ ಕೊಳಚೆ ನೀರು ಸೇರುತ್ತದೆ, ಪಾಚಿ ಜಾಸ್ತಿ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲಾ ಅದೇ ಎಳೆದುಕೊಳ್ಳುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಕು ಹರಿಯುವ ಹೊತ್ತಿಗೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿರುತ್ತವಲ್ಲ, ಅದು ಹಸಿವಲ್ಲ, ಉಸಿರು ಕಟ್ಟಿರುವುದು. ಆ ಹೊತ್ತಿನಲ್ಲಿ ಕೊಕ್ಕೆ ಹಾಕಿ ಎರಡು ನಿಮಿಷ ಎಳೆದಾಡಿ, ಫೋಟೋ ತೆಗೆದು, "ಬಿಟ್ಟೆ" ಅಂದರೆ ಅದು ಬದುಕುವುದು ಅನುಮಾನ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿದೆಯಾ? ಕೆರೆ ಹೊರಗಿನಿಂದ ಚಂದ ಕಂಡರೆ ಒಳಗೂ ಚೆನ್ನಾಗಿದೆ ಅಂತ ಅಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಅಂದಿದ್ದಕ್ಕೆ ಒಂದು ಮಾತು. ಅಲ್ಲೇ ಪ್ರೆಸಿಡಿಯೋ ಪಾರ್ಕ್‌ನಲ್ಲಿ ಮೌಂಟನ್ ಲೇಕ್ ಅಂತ ಇನ್ನೊಂದು ಕೆರೆ ಇದೆ, ಅದೂ ಸಮುದ್ರಕ್ಕೆ ಹತ್ತಿರ. ಜನ ಮನೆಯಲ್ಲಿ ಸಾಕಿ ಬೇಜಾರಾದ ಗೋಲ್ಡ್ ಫಿಶ್, ಆಮೆ ಎಲ್ಲ ತಂದು ಅದರೊಳಗೆ ಬಿಟ್ಟುಬಿಟ್ಟು, 1996ರಲ್ಲಿ ಒಂದು ಮೊಸಳೆ ಜಾತಿಯ ಅಲಿಗೇಟರ್ ಕೂಡ ಸಿಕ್ಕಿತ್ತು! ಕೊನೆಗೆ ಹೂಳು ತೆಗೆದು, 2014ರಲ್ಲಿ ಹೊರಗಿನ ಮೀನನ್ನೆಲ್ಲಾ ಔಷಧಿ ಹಾಕಿ ತೆಗೆದು, ಅಲ್ಲಿನದೇ ಆದ ಮುಳ್ಳಿನ ಪುಟ್ಟ ಮೀನು, ಅಲ್ಲಿನದೇ ಆಮೆ ತಂದು ಬಿಟ್ಟರು. ಕೆರೆ ಸರಿಮಾಡುವುದು ಅಂದರೆ ಅದು. ನಮ್ಮಲ್ಲಿ ಕೆರೆ ಸರಿಮಾಡುವುದು ಅಂದರೆ ಗ್ರಾನೈಟ್ ಬೆಂಚು.

---

ಗಾಳದ_ಗುರು:

ಮೇಡಂ, ಗ್ರಾನೈಟ್ ಬೆಂಚಿನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಜಕ್ಕೂರು ಮಾತ್ರ ಸ್ವಲ್ಪ ಬೇರೆ ಅಲ್ವಾ? ಅಲ್ಲಿ ಶುದ್ಧ ಮಾಡಿದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಆಮೇಲೆ ಕೆರೆ ಸೇರುತ್ತದೆ, ಮೀನುಗಾರರೂ ಇದ್ದಾರೆ, ಹಕ್ಕಿಯೂ ಇದೆ.

ನೀರುಕಾಗೆ:

ಹೌದು, ಜಕ್ಕೂರು ಬೇರೆ. ಅದಕ್ಕೇ ಅಲ್ಲಿಗಂತೂ ಬರಲೇಬೇಡಿ.

---

ಹಳೇ_ಕೋಲು:

ಬಸವನಗುಡಿಯವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ಗಮನಿಸಿದಿರಾ? ಆ ತಾತ ನಿಮಗೆ ಮೀನಿಲ್ಲದ ಕೊಳ ತೋರಿಸಿದ್ದು ಸುಮ್ನೆ ಅಲ್ಲ.

ನನಗೆ 67. ಕಾವೇರಿಯಲ್ಲಿ ಗಾಳ ಹಾಕಿ ಬೆಳೆದವನು. ಭೀಮೇಶ್ವರಿ, ಗಾಳಿಬೋರೆ ಕಡೆ ಬಿಳಿಮೀನಿಗೆ, ಅಂದರೆ ಮಹಸೀರ್‌ಗೆ ಅಂತ ದೇಶ ವಿದೇಶದಿಂದ ಜನ ಬರುತ್ತಿದ್ದ ಕಾಲ ಅದು. ನಮ್ಮ ಕಾವೇರಿಯ ಮಹಸೀರ್ ಸಾಮಾನ್ಯ ಮೀನಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದು ಹಿಡಿದಿದ್ದರು. ಅಂದರೆ 54 ಕಿಲೋ, ಒಬ್ಬ ಆಳಿನ ತೂಕ. ಈಗ ಅದೇ ಮೀನು ಅಳಿವಿನ ಅಂಚಿನಲ್ಲಿದೆ, ಆ ಜಾಗ ವನ್ಯಜೀವಿ ಧಾಮ, ಗಾಳ ನಿಂತು ಎಷ್ಟೋ ವರ್ಷವಾಯಿತು. ನಿಂತಿದ್ದು ಸರಿಯೋ ತಪ್ಪೋ ಅಂತ ನಮ್ಮ ಹಳಬರ ನಡುವೆ ಇನ್ನೂ ಜಗಳ ಇದೆ. ಗಾಳದವರು ಇದ್ದಾಗ ಡೈನಮೈಟ್ ಹಾಕುವವರು ಹತ್ತಿರ ಬರುತ್ತಿರಲಿಲ್ಲ ಅಂತ ನನ್ನ ವಾದ. ಇರಲಿ ಬಿಡಿ, ಆ ಕಥೆ ಶುರುವಾದರೆ ಮುಗಿಯುವುದಿಲ್ಲ.

ನಿಮ್ಮ ಕೆಲಸಕ್ಕೆ ಬರೋಣ. ಮಾಮೂಲಿ ಗಾಳದಲ್ಲಿ ತೂಕ ಇರುವುದು ತುದಿಯ ಸೀಸದ ಗುಂಡಿನಲ್ಲಿ. ಗುಂಡು ಎಸೆದರೆ ದಾರ ಅದರ ಹಿಂದೆ ಓಡುತ್ತದೆ. ಫ್ಲೈನಲ್ಲಿ ಉಲ್ಟಾ. ತುದಿಯಲ್ಲಿರುವುದು ನಾಲ್ಕು ಎಳೆ ಹುಂಜದ ಗರಿ, ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಪ್ಪ ಲೈನ್‌ನಲ್ಲಿ. ನಿಮ್ಮ 5 ವೇಟ್ ಅಂದರೆ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ ಅಂತ ಲೆಕ್ಕ. ಆ 9 ಗ್ರಾಂ ಹಿಂದಕ್ಕೆ ಪೂರ್ತಿ ಬಿಚ್ಚಿಕೊಂಡು ನೆಟ್ಟಗಾದಾಗ ಮಾತ್ರ ಕೋಲು ಬಾಗುತ್ತದೆ, ಆಗ ಮುಂದಕ್ಕೆ ತಳ್ಳಬೇಕು. ಕಲಿಯುವವರು ಎಲ್ಲರೂ ಎಡವುವುದು ಇಲ್ಲೇ. ಹಿಂದೆ ಹೋದ ಲೈನ್ ಕಣ್ಣಿಗೆ ಕಾಣುವುದಿಲ್ಲ, ಕಾಯುವ ತಾಳ್ಮೆ ಇರುವುದಿಲ್ಲ, ಮುಂದಕ್ಕೆ ಎಳೆದುಬಿಡುತ್ತಾರೆ. ಬಾರುಕೋಲು ಬೀಸಿದ ಹಾಗೆ ಚಟ್ ಅಂತ ಸದ್ದು ಬಂದರೆ ತಿಳಿದುಕೊಳ್ಳಿ, ಫ್ಲೈ ಕಿತ್ತುಕೊಂಡು ಹೋಯಿತು. ಶುರುವಿನಲ್ಲಿ ತಲೆ ತಿರುಗಿಸಿ ಹಿಂದೆ ನೋಡಿ, ನಾಚಿಕೆ ಬೇಡ. ಮಣಿಕಟ್ಟು ಬಗ್ಗಿಸಬೇಡಿ. ಶಕ್ತಿ ಬೇಡವೇ ಬೇಡ, ನಿಲ್ಲಿಸುವುದು ಮುಖ್ಯ. ಗೋಡೆಗೆ ಮೊಳೆ ಹೊಡೆಯುವಾಗ ಸುತ್ತಿಗೆ ಹೇಗೆ ತಟ್ಟನೆ ನಿಲ್ಲುತ್ತದೋ ಹಾಗೆ.

ಇದಕ್ಕೆ ಕೆರೆ ಯಾಕೆ ಬೇಕು? ಬಡಾವಣೆಯ ಆಟದ ಮೈದಾನ ಸಾಕು, ಹುಲ್ಲಿದ್ದರೆ ಇನ್ನೂ ಒಳ್ಳೆಯದು. ಸಿಮೆಂಟ್ ಮೇಲೆ ಬೇಡ, ಲೈನ್ ತರಚಿಹೋಗುತ್ತದೆ. ಕೊಕ್ಕೆ ತೆಗೆದು ಕೆಂಪು ಉಣ್ಣೆ ಕಟ್ಟಿ. ಟೋಪಿ, ಕನ್ನಡಕ ಹಾಕಿಕೊಳ್ಳಿ, ಉಣ್ಣೆಯೂ ಕಣ್ಣಿಗೆ ಬಡಿದರೆ ಉರಿಯುತ್ತದೆ. 30 ಅಡಿ ದೂರದಲ್ಲಿ ಒಂದು ಸೈಕಲ್ ಟಯರ್ ಇಟ್ಟು ಅದರೊಳಗೆ ಬೀಳಿಸಿ. ಹತ್ತಕ್ಕೆ ಏಳು ಸಲ ಬಿದ್ದ ದಿನ ನೀರಿಗೆ ಹೋಗಿ. ದಿನಕ್ಕೆ 15 ನಿಮಿಷದಂತೆ ಮಾಡಿದರೆ ಒಂದೂವರೆ ತಿಂಗಳು. ಕ್ರಿಕೆಟ್ ಆಡುವ ಹುಡುಗರು "ಅಂಕಲ್, ಗಾಳಿಪಟ ಎಲ್ಲಿ?" ಅಂತ ಕೇಳುತ್ತಾರೆ, ಅದಕ್ಕೊಂದು ಉತ್ತರ ತಯಾರಿಟ್ಟುಕೊಳ್ಳಿ.

---

ಕುಮಟಾ_ಕಡೆಯವ:

ಕೆಲಸ ಮಾರತ್ತಹಳ್ಳಿ, ಮನಸ್ಸು ಕುಮಟಾ. ಹಾಗಾಗಿ ಈ ಚರ್ಚೆಗೆ ಬರಲೇಬೇಕಾಯಿತು.

ಮಾರಾಯ್ರೇ, ನಿಮಗೆ ಸಮುದ್ರದ ಪಕ್ಕದ ಕೊಳವೇ ಬೇಕು ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಯಾಕೆ, ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಘನಾಶಿನಿ. ನಮ್ಮಲ್ಲಿ ಗಜನಿ ಭೂಮಿ ಅಂತ ಉಂಟು. ಹೊಳೆಯ ಉಪ್ಪುನೀರು ಬರುವ ಜಾಗಕ್ಕೆ ಕಟ್ಟೆ ಕಟ್ಟಿ, ಗೇಟು ಇಟ್ಟಿರುತ್ತಾರೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲು ಆದ ಮೇಲೆ ಗೇಟು ತೆರೆದು ಉಬ್ಬರದ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು ಎಲ್ಲ ತಾವಾಗಿಯೇ ಬರುತ್ತವೆ. ಭತ್ತದ ಕೂಳೆ ಕೊಳೆತು ಅವಕ್ಕೆ ಊಟ. ಕಟ್ಟೆ ಒಡೆದು, ಬೇಸಾಯ ಬಿಟ್ಟು ಹಾಳಾದ ಗಜನಿ ಬೇಕಾದಷ್ಟಿವೆ. ಅಲ್ಲೂ ಗುತ್ತಿಗೆ ಉಂಟು, ರೈತರನ್ನು ಕೇಳದೆ ಕಟ್ಟೆ ಮೇಲೆ ಕಾಲಿಡಬೇಡಿ. ಆದರೆ ಹೊಳೆಯ ಬಾಯಿಯಲ್ಲಿ, ಬಂಡೆ ಮೇಲೆ ನಿಂತು ಗಾಳ ಹಾಕುವವರು ನಮ್ಮಲ್ಲಿ ಮೊದಲಿಂದಲೂ ಇದ್ದಾರೆ, ಯಾರೂ ಏನೂ ಹೇಳುವುದಿಲ್ಲ.

ನಿಮ್ಮ 5 ವೇಟ್ ಅಲ್ಲಿಗೆ ಸಾಲದು. ಗಾಳಿ ಹೊಡೆತಕ್ಕೆ ಲೈನ್ ವಾಪಸ್ ಮುಖಕ್ಕೇ ಬರುತ್ತದೆ. 8 ವೇಟ್ ಬೇಕು. ಸೀಬಾಸ್ ಸಿಕ್ಕರೆ ಅದರ ಕಿವಿರಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ, ಕೈ ಹಾಕಬೇಡಿ, ದಾರವನ್ನೂ ಕೊಯ್ದು ಹಾಕುತ್ತದೆ. ಉಬ್ಬರ ಇಳಿಯಲು ಶುರುವಾದ ಹೊತ್ತು ಒಳ್ಳೆಯದು, ಒಳಗಿನ ಸಣ್ಣ ಮೀನೆಲ್ಲ ನೀರಿನ ಜೊತೆ ಹೊರಗೆ ಬರುತ್ತವೆ, ದೊಡ್ಡದು ಬಾಯಿ ತೆರೆದು ಕಾಯುತ್ತಿರುತ್ತದೆ. ಮನೆಗೆ ಬಂದ ಕೂಡಲೇ ರಾಡು, ರೀಲು ಎರಡನ್ನೂ ಸಿಹಿನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ವಾರಕ್ಕೆ ತುಕ್ಕು. ಜೂನ್, ಜುಲೈನಲ್ಲಿ ಬರಲೇಬೇಡಿ. ಹೊಳೆ ಕೆಂಪಗೆ ಉಕ್ಕಿರುತ್ತದೆ, ಬಂಡೆ ಜಾರುತ್ತದೆ.

---

ಬಸವನಗುಡಿ_ಬೆಂಡು:

ಎಲ್ಲರಿಗೂ ಥ್ಯಾಂಕ್ಸ್. ಕೆರೆ ಯೋಚನೆ ಬಿಟ್ಟೆ. ಗುತ್ತಿಗೆಯವರ ವಿಷಯ ನಿಜವಾಗಿಯೂ ಹೊಳೆದೇ ಇರಲಿಲ್ಲ, ಪಾರ್ಕ್ ಅಂದರೆ ನಮ್ಮದೇ ಅಂತ ಅಂದುಕೊಂಡಿದ್ದೆ. ಮೈದಾನ ಶುರು ಮಾಡಿದ್ದೇನೆ. ಟಯರ್ ಒಳಗೆ ಹತ್ತಕ್ಕೆ ಎರಡು.

ಇನ್ನೊಂದು ಪ್ರಶ್ನೆ. ಆಫೀಸಿನ ಗೆಳೆಯನ ಊರು ಚಿಂತಾಮಣಿ ಹತ್ತಿರ. ಅವರ ತೋಟದಲ್ಲಿ ಕೃಷಿ ಹೊಂಡ ಇದೆ, ಮೀನು ಬಿಟ್ಟಿದ್ದಾರಂತೆ. ಅವರ ಅಪ್ಪ, ಬನ್ನಿ ಎಷ್ಟು ಬೇಕಾದರೂ ಹಿಡಿಯಿರಿ ಅಂದಿದ್ದಾರೆ. ಅಲ್ಲಿ ನಡೆಯುತ್ತದಾ?

---

ಗಾಳದ_ಗುರು:

ಕುಣಿದುಕೊಂಡು ಹೋಗಿ! ದೊಡ್ಡ ಹೊಂಡ ಅಂದರೆ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ ಇರುತ್ತದೆ. ನಿಮ್ಮ 30 ಅಡಿ ಬೀಸಿಗೆ ಧಾರಾಳ ಆಯಿತು, ಹಿಂದೆ ರಾಗಿ ಹೊಲ ಬಿಟ್ಟರೆ ಯಾರೂ ಇಲ್ಲ.

ಆದರೆ ಎರಡು ಎಚ್ಚರಿಕೆ. ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಸಿರುತ್ತಾರೆ. ಅದು ಒದ್ದೆಯಾಗಿ ಪಾಚಿ ಕಟ್ಟಿದರೆ ಎಣ್ಣೆ ಸವರಿದ ಹಾಗೆ. ಒಳಗೆ ಜಾರಿದರೆ ಈಜು ಬರುವವರೂ ಹತ್ತಲಾರರು, ಹಿಡಿಯಲು ಏನೂ ಇರುವುದಿಲ್ಲ. ಪ್ರತಿ ವರ್ಷ ಮಕ್ಕಳು ಸಾಯುವ ಸುದ್ದಿ ಪೇಪರಲ್ಲಿ ಓದುತ್ತೇವೆ. ಹೋದ ತಕ್ಷಣ ಒಂದು ದಪ್ಪ ಹಗ್ಗ ಮರಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿ, ಆಮೇಲೆ ರಾಡ್ ಜೋಡಿಸಿ. ಒಬ್ಬರೇ ಅಂತೂ ಬೇಡ. ಎರಡನೆಯದು, ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮೀನು ಬಿಡಿಸುವುದು ಸುಲಭ, ಹೊದಿಕೆಗೆ ಸಿಕ್ಕಿಕೊಂಡರೂ ಹರಿಯದೆ ಬರುತ್ತದೆ. ಹೊದಿಕೆ ತೂತಾದರೆ ಆ ರೈತರ ನೀರೇ ಹೋಯಿತು, ನಿಮ್ಮ ಗೆಳೆತನವೂ ಹೋಯಿತು.

ಯಾವ ಮೀನು ಅಂತ ಕೇಳಿಕೊಳ್ಳಿ. ಕಾಟ್ಲಾ ಇದ್ದರೆ ಆಸೆ ಬಿಡಿ, ಅದು ನೀರಲ್ಲಿ ತೇಲುವ ಸೂಕ್ಷ್ಮ ಜೀವಿ ಸೋಸಿ ತಿನ್ನುವಂಥದ್ದು, ಫ್ಲೈ ಕಡೆ ನೋಡುವುದೂ ಕಷ್ಟ. ಗೆಂಡೆ ಬರುತ್ತದೆ. ಜಿಲೇಬಿ ಮೀನು (ತಿಲಾಪಿಯಾ) ಅಂತೂ ಏನು ಹಾಕಿದರೂ ಬರುತ್ತದೆ. 12 ಅಥವಾ 14 ನಂಬರಿನ ಸಣ್ಣ ಕೊಕ್ಕೆ, ಕಪ್ಪು ದಾರ, ತಲೆಗೊಂದು ಮಣಿ, ನಿಧಾನವಾಗಿ ಎಳೆಯಿರಿ.

ಹಳೇ_ಕೋಲು:

ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಬೂಸ್ಟು ಹಿಡಿದು ಸಾಯುತ್ತದೆ. ನೀರಿನಿಂದ ಮೇಲೆತ್ತಬೇಕಾದರೆ ನಿಮ್ಮ ಉಸಿರನ್ನೂ ಹಿಡಿದುಕೊಳ್ಳಿ. ನಿಮಗೆ ಕಷ್ಟವಾದಾಗ ಅದಕ್ಕೂ ಕಷ್ಟವಾಗಿರುತ್ತದೆ.

ನೀರುಕಾಗೆ:

ತುಂಡಾದ ದಾರ ಜೇಬಿಗೆ. ಇಷ್ಟೇ ನನ್ನದು.

---

ಬಸವನಗುಡಿ_ಬೆಂಡು:

ಏಳು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಟಯರ್ ಒಳಗೆ ಹತ್ತಕ್ಕೆ ಆರಕ್ಕೆ ನಿಂತಿತು, ಏಳು ಆಗಲೇ ಇಲ್ಲ, ಹಳೇ ಕೋಲು ಸರ್ ಕ್ಷಮಿಸಿ, ತಡೆಯಲಾರದೆ ಹೋಗಿಯೇಬಿಟ್ಟೆ. ಹಗ್ಗ ಕಟ್ಟಿದೆವು. ಗೆಳೆಯನ ಅಪ್ಪ ಕುರ್ಚಿ ಹಾಕಿಕೊಂಡು ಕೂತು, ಇಷ್ಟು ಉದ್ದದ ಕೋಲಲ್ಲಿ ಏನು ಮಾಡುತ್ತಾನೆ ನೋಡೋಣ ಅಂತ ಊರಿನ ನಾಲ್ಕು ಜನರನ್ನೂ ಕರೆದಿದ್ದರು. ಮೊದಲ ಒಂದು ಗಂಟೆ ಹಿಂದಿನ ಬೇಲಿಯ ಜಾಲಿ ಮುಳ್ಳಿಗೆ ಮೂರು ಫ್ಲೈ ಕಾಣಿಕೆ. ಮೂರನ್ನೂ ಹುಡುಕಿ ಬಿಡಿಸಿಕೊಂಡು ಬಂದೆ, ನೀರುಕಾಗೆ ಮೇಡಂ ನೆನಪಾದರು.

ಆಮೇಲೆ ಲೈನ್ ಒಂದು ಸಲ ನೆಟ್ಟಗೆ ಹೋಗಿ ಸದ್ದಿಲ್ಲದೆ ನೀರಿನ ಮೇಲೆ ಕೂತಿತು. ಎರಡು ಸಲ ಎಳೆದೆ. ಟಪ್ ಅಂತ ಒಂದು ಸಣ್ಣ ಜಗ್ಗು. ಜಿಲೇಬಿ. ನನ್ನ ಅಂಗೈಗಿಂತ ಚಿಕ್ಕದು. ಕೈ ಒದ್ದೆ ಮಾಡಿ, ಉಸಿರು ಹಿಡಿದು, ಬಿಡಿಸಿ, ಬಿಟ್ಟೆ. ಗೆಳೆಯನ ಅಪ್ಪ ಎದ್ದು ನಿಂತು, "ಇದಕ್ಕೆ ಅಮೆರಿಕಾದಿಂದ ಕೋಲು ತಂದ್ರಾ?" ಅಂದರು. ಅಲ್ಲೇ ಅವರ ಮೊಮ್ಮಗ ಬಿದಿರು ಕಡ್ಡಿ, ಎರೆಹುಳು ಇಟ್ಟುಕೊಂಡು ಅಷ್ಟರಲ್ಲಿ ಹನ್ನೊಂದು ಹಿಡಿದಿದ್ದ.

ಅಮ್ಮನಿಗೆ ಫೋಟೋ ತೋರಿಸಿದೆ. ಮೊದಲು "ಪಾಪ, ಬಾಯಿ ನೋವಾಗಿರುತ್ತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಕನ್ನಡಕ ಹಾಕಿಕೊಂಡು ಮತ್ತೆ ನೋಡಿ, "ಇಷ್ಟೇನಾ?" ಅಂದರು.

ಕುಮಟಾದವರೇ, 8 ವೇಟ್ ರಾಡ್ ಬಾಡಿಗೆಗೆ ಎಲ್ಲಾದರೂ ಸಿಗುತ್ತದಾ?

ಕುಮಟಾ_ಕಡೆಯವ:

ಬಾಡಿಗೆ ಯಾಕೆ, ನನ್ನದೇ ಉಂಟು. ಡಿಸೆಂಬರ್ ಅಮಾವಾಸ್ಯೆ ನೋಡಿಕೊಂಡು ಬನ್ನಿ, ಆಗ ಉಬ್ಬರ ಇಳಿತ ಎರಡೂ ಜೋರು. ನೀವು ಮೀನು ತಿನ್ನುವುದಿಲ್ಲ ಅಂತ ಆಯಿಗೆ ಮೊದಲೇ ಹೇಳಿಡುತ್ತೇನೆ, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ.